ಶುಗರ್ ಫ್ಯಾಕ್ಟರಿ ಲ್ಯಾಬ್: ಇರೋ ಸ್ವಲ್ಪ ದುಡ್ಡಿನ್ಯಾಗ ಮೊದಲು ಏನು ಸರಿ ಮಾಡಬೇಕು?

ಕೃಷ್ಣಾತೀರ
ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟಿ ಜಿಲ್ಲಾದಾಗಿನ ಒಂದು ಸಕ್ಕರಿ ಕಾರ್ಖಾನಿ ಲ್ಯಾಬಿನ ಮಾತು. ಹಂಗಾಮು ಶುರು ಆಗೂದರೊಳಗ ಸುರಕ್ಷತಾ ಸಾಮಾನಿನ ಪಟ್ಟಿ ಕೊಡ್ರಿ ಅಂತ ಮ್ಯಾನೇಜ್‌ಮೆಂಟ್ ಕೇಳೇತಿ. "ಆದ್ರ ಕಂಡದ್ದೆಲ್ಲಾ ಬರೀಬ್ಯಾಡ್ರಿ" ಅಂತ ಮೊದಲ ಹೇಳಿಬಿಟ್ಟಾರ.

ಈಗಿನ ಪರಿಸ್ಥಿತಿ: ಗ್ವಾಡಿಗೆ ಒಂದು ಎಕ್ಸಾಸ್ಟ್ ಫ್ಯಾನ್. ಒಂದು ಫ್ಯೂಮ್ ಹುಡ್ (ಆಸಿಡ್ ಹೊಗಿ ಹೊರಗ ಎಳಿಯೋ ಗಾಜಿನ ಬಾಗಲಿನ ಪೆಟ್ಟಿಗಿ), ಅದರ ತುಂಬ ಆಸಿಡ್ ಬಾಟಲಿ. ಬಟ್ಟಿ ಮಾಸ್ಕ್, ಒಂದು ಡಬ್ಬಿ ಲೇಟೆಕ್ಸ್ ಗ್ಲೌಸ್, ಅರ್ಧ ಲೀಟರಿನ ಕಣ್ಣು ತೊಳಿಯೋ ಬಾಟಲಿ. ಮಾಡೋ ಟೆಸ್ಟ್: ರಸ, ಸಿರಪ್, ಕಾಕಂಬಿಯ ಬ್ರಿಕ್ಸ್ (ಕರಗಿದ ಘನಾಂಶ) ಮತ್ತ ಪೋಲ್ (ಬೆಳಕಿನ ತಿರುವು ನೋಡಿ ಅಳಿಯೋ ಸಕ್ಕರಿ ಅಂಶ), ಫೆಹ್ಲಿಂಗ್ (ಗ್ಲೂಕೋಸ್-ಫ್ರಕ್ಟೋಸಿನ ಟೆಸ್ಟ್), ಬಾಯ್ಲರ್ ನೀರು, ಇಟಿಪಿ (ಹೊಲಸು ನೀರು ಶುದ್ಧ ಮಾಡೋ ಘಟಕ) ನೀರಿನ ಸಿಓಡಿ (ನೀರಿನ್ಯಾಗಿನ ಸಾವಯವ ಹೊಲಸಿನ ಅಳತಿ). ಮೂರು ಶಿಫ್ಟು, ಅರ್ಧ ಮಂದಿ ಸೀಜನಲ್ ಹುಡುಗರು. ಎಲ್ಲಿಂದ ಶುರು ಮಾಡಲಿ?

ಹಳೇಪಿಪೆಟ್ಟು
ಆಸಿಡ್ ಮೊದಲು ತಮ್ಮಾ. ಗಾಗಲ್, ರಬ್ಬರ್ ಏಪ್ರನ್, ಉದ್ದ ತೋಳಿನ ನಿಯೋಪ್ರಿನ್ ಗ್ಲೌಸ್. 2.5 ಲೀಟರಿನ ಸಲ್ಫ್ಯೂರಿಕ್ ಬಾಟಲಿ ಅಂದ್ರ ಒಳಗಿನ ಆಸಿಡ್ಡ 4.6 ಕೆ.ಜಿ. ತೂಗತೈತಿ. ಹುಡುಗರು ಎರಡೂ ಕೈಯಾಗ ಒಂದೊಂದು ಬಾಟಲಿ ಕುತ್ತಿಗಿ ಹಿಡಿದು ತರ್ತಾರ. ಒಂದು ಜಾರಿದ್ರ ಸಾಕು. ದಪ್ಪ ಪ್ಲಾಸ್ಟಿಕ್ ಬಕೇಟಿನ್ಯಾಗ ಒಂದ ಬಾಟಲಿ ಇಟ್ಟು ತರಬೇಕು. ಉಳಿದದ್ದೆಲ್ಲಾ ಆಮ್ಯಾಲ.

ಕಬ್ಬಿನರಸ
ಹಿರಿಯರ ಮಾತಿಗೆ ಅಡ್ಡ ಬರ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಆಸಿಡ್ ಬಿದ್ರ ಉರಿ ಆಗತೈತಿ, ಅದಕ್ಕ ಎಲ್ಲಾರೂ ಹೆದರ್ತಾರ. ಶುಗರ್ ಲ್ಯಾಬಿನ್ಯಾಗ ಯಾರೂ ಹೆದರದ ಡಬ್ಬಿ ಒಂದೈತಿ: ಡ್ರೈ ಲೆಡ್. ಪೋಲ್ ನೋಡೂಕಿಂತ ಮೊದಲು ರಸ ತಿಳಿ ಮಾಡಾಕ ಹಾಕೋ ಆ ಬಿಳಿ ಪುಡಿ. ಬೇಸಿಕ್ ಲೆಡ್ ಅಸಿಟೇಟ್, ತೂಕದಾಗ ಹೆಚ್ಚುಕಡಿಮಿ ಮುಕ್ಕಾಲು ಪಾಲು ಬರೇ ಸೀಸ.

ಲೆಕ್ಕ ಹಾಕ್ರಿ. 100 ಮಿ.ಲೀ. ರಸಕ್ಕ 1 ಗ್ರಾಂ. ತಾಸಿಗೆ ನಾಲ್ಕು ಮಾದರಿ ಹಿಡಿದ್ರ ದಿನಕ್ಕ 96 ಗ್ರಾಂ, 150 ದಿನದ ಹಂಗಾಮಿಗೆ 14 ಕೆ.ಜಿ. ಮ್ಯಾಲ. ಅದನ್ನೆಲ್ಲಾ ತೆರೆದ ಡಬ್ಬಿಯಿಂದ ಚಮಚಾದಾಗ ತಗದು ಹಾಕೂದು. ಪ್ರತಿ ಸಲ ಒಂದೀಟು ಧೂಳು ಏಳತೈತಿ. ಬೆಂಚಿನ ಮ್ಯಾಲ ಬಿದ್ದದ್ದನ್ನ ಒಣ ಅರಿವಿಲೆ ಜಾಡಿಸ್ತಾರ, ಮತ್ತ ಏಳತೈತಿ. ಸೋಸಿದ ಫಿಲ್ಟರ್ ಪೇಪರ್ ಡಬ್ಬಿಗೆ ಒಗಿತಾರ, ಅದು ಒಣಗಿ ಪುಡಿ ಆಗಿ ಕಸಬರಿಗಿ ಕೂಡ ಲ್ಯಾಬ್ ತುಂಬ ತಿರುಗತೈತಿ.

ಇದರ ಮ್ಯಾಲ ನಮ್ಮ ಕಡಿ ಮಂದಿಯ ಚಟ. ಅದೇ ಅಂಗೈಯಾಗ ತಂಬಾಕು, ಸುಣ್ಣ ಹಾಕಿ ತಿಕ್ಕಿ ತುಟಿಯೊಳಗ ಇಡೂದು. ಉಸಿರಿನಕಿಂತ ಈ ದಾರಿಯಿಂದ ಹೊಟ್ಟಿಗೆ ಹೋಗೂದ ಜಾಸ್ತಿ ಇರಬಹುದು.

ಹಳೇಪಿಪೆಟ್ಟು
ಇಷ್ಟು ವರ್ಷ ಎಲ್ಲಾ ಫ್ಯಾಕ್ಟರಿಯಾಗೂ ಅದನ್ನ ಹಾಕ್ಯಾರ. ಸೀಸದಿಂದ ಲ್ಯಾಬಿನ್ಯಾಗ ಸತ್ತವರನ್ನ ತೋರಸ್ರಿ ನೋಡೋಣ.

ಇಳಕಲ್‌ಸೆರಗು
ಸಾಯೋದೊಂದೇ ಅಳತೆ ಅಲ್ಲ ಸರ್. ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆ, ಬಿಪಿ, ಕೈ ಸೋಲು, ಕಿಡ್ನಿ. ಇವು ಬಂದಾಗ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸ್ತಾರೆ, ಕೆಲಸ ಏನು ಅಂತ ಕೇಳೋದೇ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸೀಸದ ವಿಷ. 2020ರ ಹೊಸ ಕೋಡ್‌ನಲ್ಲೂ ಅದು ಇದೆ. ಸುಮ್ಮನೆ ಮೊದಲ ಸಾಲಿಗೆ ಹಾಕಿಲ್ಲ.

ಇನ್ನೊಂದು. ಈಗ ಬಿಎಸ್‌ಸಿ ಮುಗಿಸಿದ ಹುಡುಗಿಯರು ಲ್ಯಾಬಿಗೆ ಬರ್ತಿದ್ದಾರೆ. ಸೀಸ ಗರ್ಭದಲ್ಲಿನ ಮಗುವಿಗೂ ದಾಟುತ್ತೆ. ಮೊದಲು ಮೂಳೆಯಲ್ಲಿ ಕೂತಿದ್ದ ಸೀಸವೂ ಬಸುರಿಯಲ್ಲಿ ಕರಗಿ ರಕ್ತಕ್ಕೆ ಬರುತ್ತೆ. ಗರ್ಭಿಣಿ, ಬಾಣಂತಿಯರಿಗೆ ಪೋಲ್ ಬೆಂಚ್ ಬೇಡ. ಪಗಾರ ಕಡಿಯದೆ ಬಾಯ್ಲರ್ ನೀರಿನ ಟೆಸ್ಟಿಗೋ ಸಕ್ಕರೆ ಗ್ರೇಡಿಂಗಿಗೋ ಹಾಕಿ.

ಗುಮ್ಮಟದೂರು
ಸೀಸಕ್ಕ ಬೆಲ್ಲ ತಿಂದ್ರ ಹೋಗ್ತದಲ್ರಿ? ಶಿಫ್ಟ್ ಮುಗದ ಮ್ಯಾಲ ಬೆಲ್ಲ, ಹಾಲು ಕೊಡ್ತಾರಲ್ಲ.

ಇಳಕಲ್‌ಸೆರಗು
ಹೋಗಲ್ಲಣ್ಣ. ಬೆಲ್ಲ ಧೂಳು ತೊಳೆಯುತ್ತೆ ಅನ್ನೋದು ಹಳೇ ನಂಬಿಕೆ. ಹಾಲಿನಲ್ಲಿ ಸ್ವಲ್ಪ ನಿಜ ಇದೆ: ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿದ್ದರೆ ಕರುಳು ಸೀಸವನ್ನ ಕಡಿಮೆ ಹೀರುತ್ತೆ. ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಹೀರುತ್ತೆ. ಅಂದರೆ ಕೆಲಸಕ್ಕೆ ಮುಂಚೆ ರೊಟ್ಟಿ ತಿಂದು ಬರೋದು ಉಪಯೋಗ. ಒಳಗೆ ಹೋಗಿದ್ದನ್ನ ಹೊರಗೆ ತರೋ ಶಕ್ತಿ ಹಾಲಿಗೂ ಇಲ್ಲ, ಬೆಲ್ಲಕ್ಕೂ ಇಲ್ಲ. "ಬೆಲ್ಲ ಕೊಡ್ತೀವಲ್ಲ" ಅಂತ ಮ್ಯಾನೇಜ್‌ಮೆಂಟ್ ಕೈ ತೊಳ್ಕೊಳ್ಳೋಕೆ ಮಾತ್ರ ಅದು ಚಲೋ.

ಶಿಫ್ಟ್‌ಬಿ
ಬೆಲ್ಲ ಬ್ಯಾಡ ಅಂದ್ರ ಮುಧೋಳ-ಮಹಾಲಿಂಗಪುರದವರು ಜಗಳಕ್ಕ ಬರ್ತಾರ ನೋಡ್ರಿ 😄

ಕೃಷ್ಣಾತೀರ
ಹಂಗಾದ್ರ ಲೆಡ್ ಪೂರಾ ಬಿಡಾಕ ಬರತೈತೇನ್ರಿ? ಪೋಲ್ ಹೆಂಗ ನೋಡೂದು?

ಕಬ್ಬಿನರಸ
ಎರಡು ದಾರಿ ಅವ. ಒಂದು, ಅಲ್ಯೂಮಿನಿಯಂ ಮೂಲದ ಸೀಸ ಇಲ್ಲದ ಪುಡಿ. ಇರೋ ಪೋಲಾರಿಮೀಟರ್ (ಪೋಲ್ ನೋಡೋ ಯಂತ್ರ) ಸಾಕು. ಎರಡನೇದು ಎನ್‌ಐಆರ್ (ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ) ಪೋಲಾರಿಮೀಟರ್, 880 ನ್ಯಾನೋಮೀಟರಿನ್ಯಾಗ ಓದತೈತಿ. ಆ ತರಂಗಕ್ಕ ಕಾಕಂಬಿಯ ಕರೀ ಬಣ್ಣ ಅಡ್ಡ ಬರೂದಿಲ್ಲ, ಸೆಲೈಟ್ ಹಾಕಿ ಸೋಸಿದ್ರ ಆತು. ಯಂತ್ರದ ಖರ್ಚು ದೊಡ್ಡದು, ಈ ವರ್ಷದ ಪಟ್ಟಿಗೆ ಬರಲಿಕ್ಕಿಲ್ಲ.

ಪುಡಿ ಬದಲಿಸೋರು ಒಮ್ಮೆಲೆ ಬದಲಿಸಬ್ಯಾಡ್ರಿ. ಹಂಗಾಮಿನ ಮೊದಲ ವಾರಗಳಲ್ಲಿ ಒಂದೇ ಮಾದರಿಯನ್ನ ಎರಡೂ ರೀತಿ ಮಾಡಿ ಫರಕು ಬರೆದಿಡ್ರಿ. ಇಲ್ಲಂದ್ರ ರಿಕವರಿ (ಕಬ್ಬಿನಿಂದ ಸಿಕ್ಕ ಸಕ್ಕರಿ) ಲೆಕ್ಕದಾಗ ಜಗಳ ಆಗತೈತಿ, ಬೈಗುಳ ಎಲ್ಲಾ ಹೊಸ ಪುಡಿಗೆ ಬೀಳತೈತಿ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯವರನ್ನ ಕೇಳ್ರಿ, ವಿಧಾನದ ಬಗ್ಗೆ ಹೇಳಾಕ ಅವರ ಸರಿ.

ಅಲ್ಲಿತನಕ ಲೆಡ್ ಕಡಿಮಿ ಹಾಕ್ರಿ. ತಿಳಿ ಬರೋಷ್ಟು ಸಾಕು. ಹೆಚ್ಚಾದ ಲೆಡ್ ಫ್ರಕ್ಟೋಸಿನ ಎಡತಿರುವನ್ನ (ಬೆಳಕನ್ನ ಎಡಕ್ಕ ತಿರುಗಿಸೋ ಗುಣಾನ) ತಗ್ಗಸತೈತಿ, ಪೋಲ್ ಸುಳ್ಳಾಗಿ ಏರತೈತಿ. "ಒಂದು ಚಮಚಾ ಜಾಸ್ತಿ ಹಾಕು, ಫಳಫಳ ಅನ್ಲಿ" ಅನ್ನೋ ಸೀನಿಯರ್‌ಗೆ ಇದನ್ನ ಹೇಳ್ರಿ. ಆರೋಗ್ಯ ಅಂದ್ರ ಕೇಳದವರು ಪೋಲ್ ತಪ್ಪತೈತಿ ಅಂದ್ರ ಕೇಳ್ತಾರ.

ಸುಣ್ಣದಕಲ್ಲು
ಸಿಮೆಂಟ್ ಲ್ಯಾಬ್ ಕಡೆಯಿಂದ ಒಂದು ತಕರಾರು. ಸೆಲೈಟ್ ಏನು ಪ್ರಸಾದವಲ್ಲ. ಸುಟ್ಟ ಡಯಾಟಮ್ ಮಣ್ಣು, ಅದರಲ್ಲಿ ಹರಳು ಸಿಲಿಕಾ ಇರುತ್ತೆ. ವರ್ಷಗಟ್ಟಲೆ ಉಸಿರಲ್ಲಿ ಹೋದರೆ ಸಿಲಿಕೋಸಿಸ್. ಬಟ್ಟೆ ಮಾಸ್ಕಿಗೆ ಆ ಧೂಳೂ ಸಿಗಲ್ಲ, ಸೀಸದ ಧೂಳೂ ಸಿಗಲ್ಲ. ಎನ್95 ಬೇಕು, ಅದೂ ಮೂಗಿನ ಪಟ್ಟಿ ಒತ್ತಿ, ಗಡ್ಡ ಇಲ್ಲದ ಮುಖಕ್ಕೆ. ಗಡ್ಡ ಇದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತೆ.

ಮಾಸ್ಕಿಗಿಂತ ಅಗ್ಗದ ಕೆಲಸ ಇದೆ. ಮೂರು ಕಡೆ, ಮೇಲೆ ಮುಚ್ಚಿದ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಹಿಂದೆ ಸಣ್ಣ ಡಕ್ಟ್ ಹೊರಕ್ಕೆ. ಪುಡಿ ಹಾಕೋದು, ಕುಲುಕೋದು ಅದರೊಳಗೇ. ಬೆಂಚನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಲೆಡ್ ಕಸದ ಡಬ್ಬಿಗೇ ಹಾಕಿ. ಕಸಬರಿಗೆ ಲ್ಯಾಬಿನಿಂದ ಹೊರಗೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರೋ ಯೋಚನೆ ಇದ್ದರೆ ಬಿಡಿ, ಸಣ್ಣ ಧೂಳನ್ನ ಹಿಂದಿನಿಂದ ಊದುತ್ತೆ.

ಎರಿಮಣ್ಣು
ಫಿಲ್ಟರ್ ಪೇಪರ್ ಎಲ್ಲಿ ಹಾಕಬೇಕ್ರಿ? ಕೆಲವು ಕಡೆ ಪ್ರೆಸ್‌ಮಡ್ಡಿಯೊಳಗ (ರಸ ಸೋಸಿ ಉಳಿದ ಕೆಸರಿನ್ಯಾಗ) ಹಾಕ್ತಾರ, ಇಲ್ಲಾ ಬಾಯ್ಲರಿಗೆ ಒಗಿತಾರ.

ಕಬ್ಬಿನರಸ
ಮಡ್ಡಿಯೊಳಗ ಅಂತೂ ಬ್ಯಾಡ್ರಿ! ಆ ಮಡ್ಡಿ ಗೊಬ್ಬರ ಆಗಿ ರೈತರ ಹೊಲಕ್ಕ ಹೊಕ್ಕೈತಿ. ಬಾಯ್ಲರಿಗೆ ಹಾಕಿದ್ರ ಬೂದಿಯಾಗ, ಹೊಗಿಯಾಗ ಸೀಸ. ಮುಚ್ಚಳ ಇರೋ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡ್ರಮ್ಮು, ಮ್ಯಾಲ "ಸೀಸದ ತ್ಯಾಜ್ಯ" ಅಂತ ಕನ್ನಡದಾಗ ದೊಡ್ಡದಾಗಿ ಬರೀರಿ. ಪೇಪರ್ ಒದ್ದಿ ಇದ್ದಾಗ್ಲೇ ಅದಕ್ಕ ಹಾಕೂದು. ಲೆಡ್ ಹಾಕಿದ ರಸ ಸಿಂಕಿಗೂ ಇಲ್ಲ, ಪ್ರೋಸೆಸ್ಸಿಗೂ ವಾಪಸ್ ಇಲ್ಲ. ಬೇರೆ ಕ್ಯಾನಿನ್ಯಾಗ ಕೂಡಿಸಿ ಸೋಡಾ ಆಶ್ ಹಾಕಿದ್ರ ಸೀಸ ಕಾರ್ಬೊನೇಟ್ ಆಗಿ ತಳಕ್ಕ ಕೂಡತೈತಿ, ಆ ಕೆಸರೂ ಡ್ರಮ್ಮಿಗೆ. ಮ್ಯಾಲಿನ ನೀರಿನ್ಯಾಗ ಸೀಸ ಉಳದೈತೇನು ಅಂತ ಟೆಸ್ಟ್ ಮಾಡಿಸದ ಬಿಡಬ್ಯಾಡ್ರಿ.

2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ 90 ದಿನಕ್ಕಿಂತ ಹೆಚ್ಚು ಇಟ್ಕೋಬಾರದು. ಪರವಾನಗಿ ಇರೋ ವಿಲೇವಾರಿ ಘಟಕಕ್ಕ ಮ್ಯಾನಿಫೆಸ್ಟ್ (ಸಾಗಣಿ ದಾಖಲೆ) ಕೂಡ ಹೋಗಬೇಕು. ಫ್ಯಾಕ್ಟರಿಯ ಯೂಸ್ಡ್ ಆಯಿಲ್ ಹೆಂಗೂ ಅದೇ ನಿಯಮದಾಗ ಹೋಗತೈತಿ, ಪರಿಸರ ವಿಭಾಗದವರನ್ನ ಹಿಡೀರಿ. ಅವರಿಗೆ ಲ್ಯಾಬ್ ಒಂದೈತಿ ಅನ್ನೂದ ನೆನಪಿರೂದಿಲ್ಲ.

ಶಿಫ್ಟ್‌ಬಿ
ಸಿಓಡಿ ಟ್ಯೂಬಿನ ನೀರು? ಅದು ಇಟಿಪಿದ್ದ, ಇಟಿಪಿಗೇ ವಾಪಸ್ ಹಾಕಿದ್ರ ಏನಾತು?

ಸುಣ್ಣದಕಲ್ಲು
ಏನಾಯ್ತು ಅಂದರೆ ಲೆಕ್ಕ ನೋಡಿ. ಸಣ್ಣ ಟ್ಯೂಬ್ ವಿಧಾನದಲ್ಲಿ 2.5 ಮಿ.ಲೀ. ಮಾದರಿ, 1.5 ಮಿ.ಲೀ. ಡೈಕ್ರೋಮೇಟ್ ದ್ರಾವಣ, 3.5 ಮಿ.ಲೀ. ಬೆಳ್ಳಿ ಸೇರಿಸಿದ ಸಲ್ಫ್ಯೂರಿಕ್. ಆ ಡೈಕ್ರೋಮೇಟ್ ದ್ರಾವಣದಲ್ಲಿ ಲೀಟರಿಗೆ 33.3 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್ ಇರುತ್ತೆ. ಅಂದರೆ ಒಂದು ಟ್ಯೂಬಿಗೆ 50 ಮಿ.ಗ್ರಾಂ, ಅದರಲ್ಲಿ ಪಾದರಸ ಸುಮಾರು 34 ಮಿ.ಗ್ರಾಂ. ಕುಡಿಯೋ ನೀರಿಗೆ ಐಎಸ್ 10500ರ ಮಿತಿ ಲೀಟರಿಗೆ 0.001 ಮಿ.ಗ್ರಾಂ. ಒಂದೇ ಟ್ಯೂಬು 34 ಸಾವಿರ ಲೀಟರ್ ನೀರನ್ನ ಆ ಮಿತಿಗೆ ತಂದು ನಿಲ್ಲಿಸುತ್ತೆ. 5 ಸಾವಿರ ಲೀಟರಿನ ಆರೇಳು ಟ್ಯಾಂಕರ್. ಜೊತೆಗೆ ಆರು ವೇಲೆನ್ಸಿಯ ಕ್ರೋಮಿಯಂ. ಇಟಿಪಿಯ ಬ್ಯಾಕ್ಟೀರಿಯಾ ಪಾದರಸವನ್ನ ತಿಂದು ಮುಗಿಸಲ್ಲ, ಕೆಸರಿಗೆ ದಾಟಿಸುತ್ತೆ ಅಷ್ಟೆ.

ಬೇರೆ ಕ್ಯಾನು, ಬೇರೆ ಚೀಟಿ. ಆ ಕ್ಯಾನಿಗೆ ಆಲ್ಕೋಹಾಲು, ಅಸಿಟೋನು ಏನೂ ಬೀಳಬಾರದು. ಡೈಕ್ರೋಮೇಟ್-ಆಸಿಡ್ ಜೊತೆ ಸೇರಿದರೆ ಕಾದು ಉಕ್ಕುತ್ತೆ, ಮುಚ್ಚಳ ಬಿಗಿಯಾಗಿದ್ದರೆ ಕ್ಯಾನೇ ಸಿಡಿಯುತ್ತೆ.

ಹಳೇಪಿಪೆಟ್ಟು
ಅಲ್ಲಿ ನೋಡ್ರಿ, ಸುತ್ತಿ ಬಳಸಿ ಆಸಿಡ್ಡಿಗೇ ಬಂದ್ರಿ. ಸಿಓಡಿ ಟ್ಯೂಬ್ ಮುಚ್ಚಳ ಹಾಕಿ ಚಲೋತ್ನಾಗಿ ತಿರುಗ್ಯಾ ಮುರುಗ್ಯಾ ಮಾಡಿ ಕೂಡಿಸಿದ ಮ್ಯಾಲನ 150 ಡಿಗ್ರಿಗೆ ಇಡಬೇಕು. ಕೂಡಿಸದ ಇಟ್ರ ತಳದಾಗಿನ ಆಸಿಡ್ ಒಮ್ಮೆಲೆ ಕಾದು ಚಿಮ್ಮತೈತಿ. ಎರಡು ತಾಸು ಆದ ಮ್ಯಾಲ ಬ್ಲಾಕಿನ್ಯಾಗ ಆರೂತನಕ ಮುಚ್ಚಳ ಮುಟ್ಟಬ್ಯಾಡ್ರಿ. ಮುಖಕ್ಕ ಶೀಲ್ಡ್ ಬೇಕು, ಬರೇ ಗಾಗಲ್ ಸಾಲೂದಿಲ್ಲ. ತೆಳು ನೈಟ್ರೈಲ್ ಗ್ಲೌಸ್ ಸಿಡಿದ ಹನಿಗಷ್ಟ. ಗಟ್ಟಿ ಸಲ್ಫ್ಯೂರಿಕ್ ಬಿದ್ರ ಕೂಡ್ಲೇ ತಗದು ಒಗೀಬೇಕು.

ಗುಮ್ಮಟದೂರು
ಕಣ್ಣು ತೊಳಿಯೂದರ ಬಗ್ಗೆ ಯಾರೂ ಮಾತಾಡವಲ್ರಿ. ಅರ್ಧ ಲೀಟರ್ ಬಾಟಲಿ ಅಂದ್ರಿ. ಐವಾಷ್ ಅಂದ್ರ ನಿಮಿಷಕ್ಕ 1.5 ಲೀಟರಿನಂಗ 15 ನಿಮಿಷ. ನಿಮ್ಮ ಬಾಟಲಿ 20 ಸೆಕೆಂಡಿನ್ಯಾಗ ಖಾಲಿ ಆಗ್ತದ. ಶವರ್ ಇದ್ರ ಇನ್ನೂ ದೊಡ್ಡ ಲೆಕ್ಕ: ನಿಮಿಷಕ್ಕ 76 ಲೀಟರ್, 15 ನಿಮಿಷಕ್ಕ 1140.

ಅದರಾಗ ನಮ್ಮ ವಿಜಾಪುರದ ಕಡಿ ಇನ್ನೊಂದು ತ್ರಾಸ ಅದ. ಏಪ್ರಿಲ್ ಮಧ್ಯಾಹ್ನ ಮಾಳಿಗಿ ಮ್ಯಾಲಿನ ಟ್ಯಾಂಕಿನ ನೀರು ಕೈಗೇ ಸುಡ್ತದ. ಐವಾಷ್ ನೀರು 16ರಿಂದ 38 ಡಿಗ್ರಿ ಒಳಗ ಇರಬೇಕು ಅಂತ ಅಮೆರಿಕದ ಆನ್ಸಿ ಮಾನದಂಡ ಹೇಳ್ತದ. ಅದಕ್ಕಿಂತ ಬಿಸಿ ಇದ್ರ ಕಣ್ಣಿಗೆ ಮತ್ತ ಪೆಟ್ಟು, 15 ನಿಮಿಷ ಅಂತೂ ಯಾರೂ ತಡಿಯೂದಿಲ್ಲ. ಟ್ಯಾಂಕ್ ನೆರಳಿನ್ಯಾಗ, ಆದ್ರ ಎತ್ತರದಾಗ ಇಡ್ರಿ. ಕರೆಂಟ್ ಹೋದ್ರೂ ನೀರು ತಾನ ಇಳೀಬೇಕು, ಪಂಪ್ ನಂಬಬ್ಯಾಡ್ರಿ. ಬಿಸಲಿಗೆ ಬರೋ ಪೈಪಿಗೆ ಫೋಮ್ ಸುತ್ತಿಸ್ರಿ. ವಾರಕ್ಕೊಮ್ಮೆ ಬಿಡ್ರಿ, ತುಕ್ಕಿನ ಕೆಂಪು ನೀರು ಹೋಗೂತನಕ.

ಬೆಳಗಾವಿಕುಂದಾ
ನಮ್ಮ ಬೆಳಗಾವಿಗೆ ಬರ್ರಿ, ನೀರು ತಂಪ ಇರತೈತಿ, ಕುಂದಾನೂ ಸಿಗತೈತಿ 😀

ಗುಮ್ಮಟದೂರು
ಕುಂದಾ ಲ್ಯಾಬಿನ್ಯಾಗ ತಿನ್ನಬ್ಯಾಡ್ರಿ ಮತ್ತ. ಡೇರಿ, ಸೋಕ್ಸ್‌ಲೆಟ್ (ಈಥರಿನಿಂದ ಕೊಬ್ಬು ತಗದು ಅಳಿಯೋ) ಲ್ಯಾಬಿನವರು ಯಾರರ ಓದಾಕತ್ತಿದ್ರ ಇದನ್ನೂ ಕೇಳ್ರಿ: ಈಥರ್ ಕುದಿಯೂದು 34.6 ಡಿಗ್ರಿಗೆ. ಬ್ಯಾಸಗಿಯೊಳಗ ನಮ್ಮ ಕಡಿ ಮುಚ್ಚಳ ತಗದ್ರ ತಾನ ಕುದೀತದ. ಅದರ ಹಬೆ ಗಾಳಿಗಿಂತ ಭಾರ, ಬೆಂಚಿನ ಗುಂಟ ಹರಿದು ದೂರದ ಬರ್ನರ್ ಮುಟ್ತದ. ಗಟ್ಟಿ ಅಮೋನಿಯಾ ಬಾಟಲಿನೂ ಹಂಗ, ಒಳಗ ಒತ್ತಡ ಕಟ್ಟಿರ್ತದ. ತಣ್ಣೀರಿನ್ಯಾಗ ಇಟ್ಟು ಆರಿಸಿ ಹುಡ್‌ನೊಳಗ ಸಾವಕಾಶ ಬಿಚ್ಚಬೇಕು.

ಎರಿಮಣ್ಣು
ಮಣ್ಣು ಪರೀಕ್ಷೆ ಲ್ಯಾಬಿನವರಿಗೂ ಒಂದು ಮಾತು. ವಾಕ್ಲಿ-ಬ್ಲ್ಯಾಕ್ ವಿಧಾನದಾಗ ಮಣ್ಣಿನ ಸಾವಯವ ಇಂಗಾಲ ನೋಡಾಕ 1 ಗ್ರಾಂ ಮಣ್ಣು, 10 ಮಿ.ಲೀ. ಡೈಕ್ರೋಮೇಟ್, 20 ಮಿ.ಲೀ. ಗಟ್ಟಿ ಸಲ್ಫ್ಯೂರಿಕ್ ಹಾಕಿ 30 ನಿಮಿಷ ಬಿಡ್ತೀವಲ್ಲ, ಹಳೇ ಕೈಪಿಡಿಯೊಳಗ "ಬಿಸಿ ಫ್ಲಾಸ್ಕನ್ನು ಆಸ್‌ಬೆಸ್ಟಾಸ್ ಹಾಳೆ ಮೇಲೆ ಇಡಿ" ಅಂತಿರತೈತಿ. ಹಂಗ ಓದಿ ಇವತ್ತಿಗೂ ಆ ಹಾಳಿ ತರಸ್ತಾರ. ಅಂಚು ಮುರಿದು ನಾರು ಉದುರತಾವು. ಕಟ್ಟಿಗಿ ಹಲಗಿ ಇಲ್ಲಾ ಸೆರಾಮಿಕ್ ಟೈಲ್ ಸಾಕು. ಹಳೇ ಹಾಳಿ ಒಡೀಬ್ಯಾಡ್ರಿ, ಒದ್ದಿ ಮಾಡಿ ಎರಡು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಅಪಾಯಕಾರಿ ತ್ಯಾಜ್ಯದ ಕೂಡ ಕಳಸ್ರಿ.

ಕೃಷ್ಣಾತೀರ
ಹುಡ್ ಬಗ್ಗೆ ಹೇಳ್ರಿ. ಮೋಟಾರ್ ತಿರುಗತೈತಿ, ಶಬ್ದಾನೂ ಬರತೈತಿ. ವಾಸನಿ ಮಾತ್ರ ಹೋಗವಲ್ದು.

ಸುಣ್ಣದಕಲ್ಲು
ಮೊದಲು ಒಳಗಿನ ಬಾಟಲಿ ಎಲ್ಲ ಹೊರಗೆ ತೆಗೆಯಿರಿ. ಹಿಂದಿನ ಸೀಳುಗಳಿಂದ ಗಾಳಿ ಎಳೀಬೇಕು, ಬಾಟಲಿ ಸಾಲು ಅದನ್ನೇ ಮುಚ್ಚಿರುತ್ತೆ. ಆಸಿಡ್ ಇಡೋಕೆ ಕೆಳಗೆ ಬೇರೆ ಕಪಾಟು, ಸಲ್ಫ್ಯೂರಿಕ್ ಒಂದು ಟ್ರೇ, ನೈಟ್ರಿಕ್ ಬೇರೆ ಟ್ರೇ, ಅಮೋನಿಯಾ ಇನ್ನೆಲ್ಲೋ.

ಆಮೇಲೆ ಊದಿನಕಡ್ಡಿ ಹಚ್ಚಿ (ಹತ್ತಿರ ಆಲ್ಕೋಹಾಲ್, ಈಥರ್ ಇಲ್ಲದಾಗ). ಗಾಜಿನ ಬಾಗಿಲು ಎತ್ತಿದ ಜಾಗದುದ್ದಕ್ಕೂ ಆಡಿಸಿ ನೋಡಿ. ಹೊಗೆ ನೇರ ಒಳಗೆ ಹೋಗಬೇಕು. ಸುರುಳಿ ಸುತ್ತಿ ಹೊರಬಂದರೆ ತಲೆ ಮೇಲಿನ ಸೀಲಿಂಗ್ ಫ್ಯಾನ್ ಆಫ್ ಮಾಡಿ ಮತ್ತೆ ನೋಡಿ, ಎಷ್ಟೋ ಸಲ ಕಾರಣ ಅದೇ. ಅನೆಮೋಮೀಟರ್ ಸಿಕ್ಕರೆ ಸೆಕೆಂಡಿಗೆ 0.5 ಮೀಟರ್ ಹತ್ತಿರ ಬರಬೇಕು.

ಶಬ್ದ ಇದ್ದು ಎಳೆತ ಇಲ್ಲ ಅಂದರೆ ಬ್ಲೋವರ್ ಉಲ್ಟಾ ತಿರುಗ್ತಿರಬಹುದು. ಮೂರು ಫೇಸಿನ ಮೋಟಾರ್, ಆಫ್-ಸೀಜನ್ ರಿಪೇರಿಯಲ್ಲಿ ಎರಡು ವೈರ್ ಅದಲುಬದಲು ಆದರೆ ದಿಕ್ಕು ಬದಲಾಗುತ್ತೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ಕಡೆಗೇ ಹೋಗುತ್ತೆ, ತುಂಬ ಕಡಿಮೆ ಹೋಗುತ್ತೆ ಅಷ್ಟೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಕೇಸಿಂಗ್ ಮೇಲಿನ ಬಾಣದ ಗುರುತು ನೋಡಿ, ಎಲೆಕ್ಟ್ರಿಷಿಯನ್ ಐದು ನಿಮಿಷದಲ್ಲಿ ಸರಿ ಮಾಡ್ತಾರೆ. ಬೆಲ್ಟ್ ಸಡಿಲ, ಡಕ್ಟಿನಲ್ಲಿ ಪಾರಿವಾಳದ ಗೂಡು, ಆಸಿಡ್ ತಿಂದು ತೂತಾದ ಜಿಐ ಡಕ್ಟ್, ಇವು ಮುಂದಿನ ಅನುಮಾನ.

ಶಿಫ್ಟ್‌ಬಿ
ಪಾರಿವಾಳದ ಗೂಡು 😂 ಖರೇ ಐತಿ

ಕೃಷ್ಣಾತೀರ
ಹುಡುಗರ ರಕ್ತ ಪರೀಕ್ಷೆ ಮಾಡಸೋಣ ಅಂತ ವಿಚಾರ ಐತಿ. ಹಂಗಾಮು ಮುಗದ ಮ್ಯಾಲ, ಜುಲೈನ್ಯಾಗ ಕ್ಯಾಂಪ್ ಇಡ್ತಾರಂತ. ಆಗಬಹುದೇನ್ರಿ?

ಇಳಕಲ್‌ಸೆರಗು
ಜುಲೈ ಬೇಡವೇ ಬೇಡ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧ ಆಗುತ್ತೆ, ಉಳಿದದ್ದು ಮೂಳೆಗೆ ಸೇರಿ ವರ್ಷಗಟ್ಟಲೆ ಕೂರುತ್ತೆ. ಮಾರ್ಚಿನಲ್ಲಿ ಕೆಲಸ ನಿಲ್ಲಿಸಿದವನಿಗೆ ಜುಲೈನಲ್ಲಿ ನೋಡಿದರೆ "ಎಲ್ಲ ನಾರ್ಮಲ್" ಬರುತ್ತೆ, ಕ್ಯಾಂಪಿನ ಫೋಟೋನೂ ಬರುತ್ತೆ. ಹಂಗಾಮಿಗೆ ಮುಂಚೆ ಒಮ್ಮೆ, ಕೆಲಸ ಜೋರಿರುವ ಜನವರಿ-ಫೆಬ್ರುವರಿಯಲ್ಲಿ ಒಮ್ಮೆ ಮಾಡಿಸಿ. ಎರಡರ ಫರಕೇ ಲ್ಯಾಬಿನ ನಿಜವಾದ ರಿಪೋರ್ಟು.

ಸೀಸ ಕೆಂಪು ರಕ್ತಕಣಕ್ಕೆ ಅಂಟಿರುತ್ತೆ, ಹಾಗಾಗಿ ಸೀರಮ್ ಅಲ್ಲ, ಪೂರ್ತಿ ರಕ್ತ ಬೇಕು. ಸೂಜಿ ಚುಚ್ಚುವ ಮುಂಚೆ ತೋಳನ್ನ ಸೋಪಿನಲ್ಲಿ ತೊಳೆಸಿ, ಇಲ್ಲಾಂದರೆ ಚರ್ಮದ ಮೇಲಿನ ಪುಡಿಯೇ ಲೆಕ್ಕಕ್ಕೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೇ ಎಲ್ಲಿಂದ ಬರ್ತಿದೆ ಅಂತ ಹುಡುಕಿ ತಡೀಬೇಕು.

ಹಳೇಪಿಪೆಟ್ಟು
ಜನವರಿಯಾಗ ಹೆಚ್ಚು ಬಂದ್ರ ಆ ಹುಡುಗನ್ನ ಮನಿಗೆ ಕಳಸ್ತಾರ. ಸೀಜನಲ್ ಹುಡುಗ, ಗೇಟ್ ಪಾಸ್ ಕಸ್ಕೊಂಡ್ರ ಮುಗೀತು. ಅದಕ್ಕ ಯಾರೂ ರಕ್ತ ಕೊಡೂದಿಲ್ಲ. ಇದಕ್ಕ ಏನಂತೀರಿ?

ಇಳಕಲ್‌ಸೆರಗು
ನಿಮ್ಮ ಮಾತು ನೂರಕ್ಕೆ ನೂರು ಸರಿ ಸರ್. ಅದಕ್ಕೇ ಪರೀಕ್ಷೆಗೆ ಮುಂಚೆ ಕಾಗದದಲ್ಲಿ ಬರೆಸ್ಕೋಬೇಕು: ಹೆಚ್ಚು ಬಂದರೆ ಬೆಂಚ್ ಬದಲು, ಕೆಲಸ ಹೋಗಲ್ಲ, ಪಗಾರ ಕಡಿಯಲ್ಲ. ಸೇಫ್ಟಿ ಕಮಿಟಿಯಲ್ಲಿ ಕಾರ್ಮಿಕರ ಪ್ರತಿನಿಧಿ ಸಹಿ ಬೀಳಲಿ. ಅದಿಲ್ಲದೆ ರಕ್ತ ತೆಗೆಯೋಕೆ ಹೋಗಬೇಡಿ.

ಹಳೇಪಿಪೆಟ್ಟು
ಹಂಗಾದ್ರ ಒಪ್ಪಿದೆ. ಗಾಗಲ್ ಮಾತ್ರ ಪಟ್ಟಿಯಿಂದ ತಗೀಬ್ಯಾಡ್ರಿ.

ಕೃಷ್ಣಾತೀರ
ತಗಿಯೂದಿಲ್ರಿ ಕಾಕಾ. ಸದ್ಯಕ್ಕ ಬರೆದದ್ದು: ಹುಡ್ ರಿಪೇರಿ, ಅಕ್ರಿಲಿಕ್ ಪೆಟ್ಟಿಗಿ, ಸೀಸ ಇಲ್ಲದ ಪುಡಿ ಟ್ರಯಲ್‌ಗೆ, ಐವಾಷ್ ಲೈನ್, ಮೂರು ಡ್ರಮ್ಮು, ಫೇಸ್ ಶೀಲ್ಡ್, ಗಾಗಲ್, ನಿಯೋಪ್ರಿನ್, ಎನ್95. ಕೈಗೆ ಸ್ಯಾನಿಟೈಸರ್ ಐದು ಲೀಟರ್.

ಕಬ್ಬಿನರಸ
ಸ್ಯಾನಿಟೈಸರ್ ಹೊಡದು ಹಾಕ್ರಿ. ಅದು ಸೀಸ ತಗಿಯೂದಿಲ್ಲ, ಕೈ ತುಂಬ ಸವರತೈತಿ ಅಷ್ಟ. ಸೋಪು, ಹರಿಯೋ ನೀರು, ಉಗುರಿಗೆ ಬ್ರಷ್. ಅದೇ ದುಡ್ಡಿನ್ಯಾಗ ಬಾಗಲಾ ಹೊರಗ ಒಂದು ಸಿಂಕ್, ಪಕ್ಕಕ್ಕ ತಂಬಾಕು ಚೀಟಿ, ಚಾದ ಕಪ್ಪು ಇಡಾಕ ಒಂದು ಸಣ್ಣ ಕಪಾಟು ಮಾಡಸ್ರಿ. ತಂಬಾಕು ಬಿಡ್ರಿ ಅಂದ್ರ ಯಾರೂ ಬಿಡೂದಿಲ್ಲ, ಕೈ ತೊಕ್ಕೊಂಡು ಹೊರಗ ತಿಕ್ರಿ ಅಂದ್ರ ಕೇಳ್ತಾರ. ಏಪ್ರನ್ ಫ್ಯಾಕ್ಟರಿಯಾಗ ಒಗಸ್ರಿ, ಮನಿಗೆ ಒಯ್ದ್ರ ಮಕ್ಕಳ ಅರಿವಿ ಕೂಡ ಒಗೀತಾರ.

ಶಿಫ್ಟ್‌ಬಿ
ಪಿಪೆಟ್ ಬಲ್ಬ್ ಯಾರೂ ಬರೀಲಿಲ್ಲ ನೋಡ್ರಿ. ರಾತ್ರಿ ಪಾಳಿಯೊಳಗ ಇನ್ನೂ ಬಾಯಿಲೇ ಎಳಿತಾರ.

ಕೃಷ್ಣಾತೀರ
ಬರದೆ. ಬೆಂಚಿಗೆ ಎರಡೆರಡು.